ತಂಬೂರಿ ಖೋಲಿಯ ಗೋಡೆಗೆ ಯಾರ ಫೋಟೋ?

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ಹಳೆಯ ಮನೆಗಳಲ್ಲಿ ಹಾಡಿಗೆಂದೇ ಬೇರೆ ಖೋಲಿ ಇರುತ್ತಿರಲಿಲ್ಲ. ಪಡಸಾಲೆಯ ಗೂಟಕ್ಕೆ ಏಕತಾರಿ, ಮಾಡದಲ್ಲಿ ತಾಳ, ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಪೇಟಿ. ಸೋಮವಾರವೋ ಅಮಾವಾಸ್ಯೆಯೋ ಭಜನಿ ಮಂದಿ ಸೇರಿದರೆ ಪಡಸಾಲೆಯೇ ಹಾಡಿನ ಮನೆ. ಈಗ ಸ್ಲ್ಯಾಬಿನ ಮನೆ ಕಟ್ಟಿಸುವವರಲ್ಲಿ, ದ್ರಾಕ್ಷಿ ದಾಳಿಂಬೆಯಲ್ಲಿ ನಾಲ್ಕು ಕಾಸು ಉಳಿಸಿಕೊಂಡ ಕೆಲವರು, ಮಹಡಿ ಮೇಲೆ ಹತ್ತು-ಹನ್ನೆರಡು ಅಡಿಯ ಒಂದು ಖೋಲಿಯನ್ನು ಸಂಗೀತಕ್ಕೆಂದೇ ಬಿಡುತ್ತಿದ್ದಾರೆ. ಮಗಳು ಹಾಡು ಕಲಿಯುತ್ತಾಳೆ, ಮಗ ತಬಲಾ ಬಾರಿಸುತ್ತಾನೆ, ಅಜ್ಜನ ಪೇಟಿ ಇನ್ನೂ ಗಟ್ಟಿ ಇದೆ. ಜಮಖಾನೆ ಹಾಸಿದ್ದಾಯಿತು, ಮಿರಜದಿಂದ ತಂಬೂರಿಯೂ ಬಂತು. ಆಮೇಲೆ ಎಲ್ಲರೂ ತಲೆ ಕೆರೆದುಕೊಳ್ಳುವುದು ಒಂದೇ ಮಾತಿಗೆ: "ಗೋಡಿಗೆ ಏನ್ ಹಚ್ಚಬೇಕ್ರೀ?"

ಪೇಟೆಯಲ್ಲಿ ಇದಕ್ಕೆ ಉತ್ತರ ತಯಾರಿದೆ. ಮೊಬೈಲಿನಲ್ಲಿ ಹುಡುಕಿದರೆ ಮೂರು ತುಂಡಿನ, ಐದು ತುಂಡಿನ ಕ್ಯಾನ್ವಾಸ್ ಚಿತ್ರಗಳು ಮನೆ ಬಾಗಿಲಿಗೇ ಬರುತ್ತವೆ. ಗಿಟಾರು, ಪಿಯಾನೋ, ಹಾರುತ್ತಿರುವ ಪಾಶ್ಚಾತ್ಯ ಸ್ವರಲಿಪಿಯ ಗೆರೆಗಳು. ನೋಡಲು ಚೆಂದವೇ. ಆದರೆ ಆ ಖೋಲಿಯಲ್ಲಿ ಕೂತು ಭೂಪ ರಾಗದ ಸರಗಮ್ ತಿದ್ದುವ ಹುಡುಗಿಗೆ ಆ ಗೆರೆ ಓದಲಿಕ್ಕೆ ಬರುವುದಿಲ್ಲ, ಅವಳ ಗುರುವಿಗೂ ಬರುವುದಿಲ್ಲ. ತಿಂಗಳು ಕಳೆದರೆ ಅದು ಗೋಡೆಯ ಬಣ್ಣದಷ್ಟೇ ಲೆಕ್ಕ, ಯಾರೂ ಅದರ ಕಡೆ ನೋಡುವುದಿಲ್ಲ. ಹಾಡಿನ ಖೋಲಿಯ ಚಿತ್ರ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದ್ದು, ಇಲ್ಲಿ ಯಾರ ಹಾಡು ನಡೆಯುತ್ತದೆ ಎಂಬುದು. ಅದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಕಣ್ಣಿಗಿಂತ ಕಿವಿಗೆ ಸೇರಿದ್ದು. ಅದನ್ನು ಮುಂದೆ ಹೇಳುತ್ತೇನೆ.

ಒಂದೇ ಸಾಲಿನಲ್ಲಿ ನಾಲ್ವರು

ನಮ್ಮ ಸೀಮೆಯವರಿಗೆ ಗವಾಯಿಗಳ ಫೋಟೋಕ್ಕೆ ಬರವಿಲ್ಲ. ಹಿಂದುಸ್ತಾನಿ ಸಂಗೀತದ ದೊಡ್ಡ ಹೆಸರುಗಳನ್ನು ಹಿಡಿದು ಹೊರಟರೆ ಮಿರಜ, ಕೊಲ್ಹಾಪುರ, ಧಾರವಾಡ, ಗದಗ ಸುತ್ತಿಯೇ ಬರಬೇಕು. ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನ್ ಸಾಹೇಬರು ಬಂದು ನೆಲೆ ನಿಂತದ್ದು ಮಿರಜದಲ್ಲಿ. 1937ರಲ್ಲಿ ಪ್ರಯಾಣದ ದಾರಿಯಲ್ಲೇ ತೀರಿಕೊಂಡರೂ ಅವರನ್ನು ಮಣ್ಣು ಮಾಡಿದ್ದು ಮಿರಜದಲ್ಲೇ. ಅವರ ಶಿಷ್ಯ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಕೈಯಲ್ಲಿ ತಯಾರಾದವರು ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿ. ಈ ನಾಲ್ಕು ಫೋಟೋಗಳನ್ನು ಒಂದೇ ಅಳತೆಯ ಕಟ್ಟು ಹಾಕಿಸಿ ಒಂದು ಸಾಲಿನಲ್ಲಿ ತೂಗಿಹಾಕಿದರೆ ಗುರು-ಶಿಷ್ಯ ಪರಂಪರೆ ಗೋಡೆಯ ಮೇಲೆ ತಾನೇ ಓದಿಸಿಕೊಳ್ಳುತ್ತದೆ. ಕಲಿಯುವ ಮಗುವಿಗೆ ಬೇರೆ ಪಾಠ ಹೇಳಬೇಕಾಗಿಲ್ಲ.

ಇನ್ನೊಂದು ಸಾಲು ಮಲ್ಲಿಕಾರ್ಜುನ ಮನಸೂರರದು. ಧಾರವಾಡ ಬದಿಯ ಮನಸೂರಿನ ಈ ಹುಡುಗ ಮಿರಜದ ನೀಲಕಂಠ ಬುವಾ ಅವರ ಹತ್ತಿರ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್, ಭೂರ್ಜಿಖಾನರ ಕೈಯಲ್ಲಿ ಪಳಗಿದವರು. ವಚನ ಹಾಡಿಕೆಯ ಮನೆಗೆ ಇವರ ಫೋಟೋ ಹೊಂದುವಷ್ಟು ಇನ್ನೊಂದು ಹೊಂದಲಿಕ್ಕಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳ ಜೋಡಿ ಫೋಟೋವಂತೂ ಈ ಕಡೆ ಎಷ್ಟೋ ಮನೆಗಳಲ್ಲಿ ದೇವರ ಜಗಲಿಯ ಪಕ್ಕದಲ್ಲೇ ಇರುತ್ತದೆ. ಕಣ್ಣಿಲ್ಲದ ಇಬ್ಬರೂ ಎಷ್ಟು ಮಂದಿಗೆ ಸ್ವರದ ದಾರಿ ತೋರಿದರೆಂಬುದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಸಣ್ಣ ಮಾತಿದೆ, ಗಡಿಯಾಚೆ ಇರುವವರಿಗೆ ಅದು ಸಣ್ಣದಲ್ಲ. ಪುಣೆಯಲ್ಲಿ 1953ರಿಂದ ಸವಾಯಿ ಗಂಧರ್ವರ ಹೆಸರಿನಲ್ಲಿ ದೊಡ್ಡ ಸಂಗೀತ ಮಹೋತ್ಸವ ನಡೆಯುತ್ತ ಬಂದಿದೆ. ಆ ಹೆಸರು ಕೇಳಿದ ನೆರೆಮನೆಯವರಲ್ಲಿ ಎಷ್ಟೋ ಜನಕ್ಕೆ ಅವರು ಕುಂದಗೋಳದವರೆಂಬುದು ಗೊತ್ತಿರುವುದಿಲ್ಲ. ಕುಮಾರ ಗಂಧರ್ವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂದರೆ ನಮ್ಮ ಮಕ್ಕಳೇ ಕಣ್ಣು ಅರಳಿಸುತ್ತಾರೆ. ಬದುಕಿನ ಬಹುಭಾಗ ಕಳೆದದ್ದು ಮಧ್ಯಪ್ರದೇಶದ ದೇವಾಸದಲ್ಲಿ, ತೀರಿಕೊಂಡದ್ದು 1992ರಲ್ಲಿ ಅಲ್ಲೇ. ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಾರೆ, ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಅಂಗಡಿಯಲ್ಲಿ ಎರಡೂ ನಡೆಯುತ್ತದೆ. ಹಾಗಿರುವಾಗ ಫೋಟೋದ ಕೆಳಗಿನ ಪಟ್ಟಿಯಲ್ಲಿ ಹೆಸರು, ಹುಟ್ಟಿದ ಊರು, ಇಸವಿ ಬರೆಯಿಸುವುದನ್ನು ಬಿಡಬಾರದು. ಮೇಲೆ ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ. ಬಂದ ಬೀಗರೂ ಓದುತ್ತಾರೆ, ಮೊಮ್ಮಕ್ಕಳೂ ಓದುತ್ತಾರೆ. ಫೋಟೋ ಸ್ಟುಡಿಯೋದವರು ಈಗ ಇದನ್ನು ಚಿತ್ರದ ಜೊತೆಗೇ ಛಾಪಿಸಿ ಕೊಡುತ್ತಾರೆ. ಕನ್ನಡ ಅಕ್ಷರ ಮಾತ್ರ ನೀವೇ ಕೂತು ತಿದ್ದಿಸಬೇಕು. ಒತ್ತಕ್ಷರ ತಪ್ಪಿದ ಪಟ್ಟಿ ಒಮ್ಮೆ ಗಾಜಿನೊಳಗೆ ಹೋದರೆ ಮುಂದೆ ಇಪ್ಪತ್ತು ವರ್ಷ ಹಾಗೇ ಇರುತ್ತದೆ.

ಸರಸ್ವತಿ, ಬಾದಶಹ, ರಾಗದ ಚಿತ್ರ

ಫೋಟೋ ಬೇಡ, ಚಿತ್ರವೇ ಬೇಕು ಅನ್ನುವವರಿಗೂ ದಾರಿ ಇದೆ. ಎಲ್ಲರ ಕಣ್ಣು ಮೊದಲು ಹೋಗುವುದು ರಾಜಾ ರವಿವರ್ಮರ ಸರಸ್ವತಿಗೆ. ರವಿವರ್ಮರು 1894ರಲ್ಲಿ ಮುಂಬೈಯಲ್ಲಿ ಕಲ್ಲಚ್ಚಿನ ಛಾಪಖಾನೆ ಹಾಕಿದರು, ಮುಂದೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಅಲ್ಲಿಂದ ಹೊರಟ ದೇವರ ಪಟಗಳು ನಮ್ಮ ಅಜ್ಜಂದಿರ ಕಾಲದಲ್ಲೇ ಹಳ್ಳಿಹಳ್ಳಿಗೆ ಬಂದವು. ಹಳೆಯ ಪೆಟ್ಟಿಗೆ, ಅಟ್ಟ ಹುಡುಕಿದರೆ ಮಸುಕಾದ ಒಂದು ಪಟ ಸಿಕ್ಕೀತು. ಸಿಕ್ಕರೆ ಅದನ್ನೇ ಚೊಕ್ಕ ಮಾಡಿಸಿ ಹಾಕಿ, ಹೊಸದು ಕೊಳ್ಳಬೇಡಿ. ರವಿವರ್ಮರದೇ ಇನ್ನೊಂದು ಚಿತ್ರ ಹಾಡಿನ ಖೋಲಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಹನ್ನೊಂದು ಜನ ಹೆಂಗಸರು ಬೇರೆ ಬೇರೆ ಸೀಮೆಯ ಉಡುಗೆಯಲ್ಲಿ ವಾದ್ಯಗಳ ಜೊತೆ ಸೇರಿರುವ ದೊಡ್ಡ ಚಿತ್ರವದು. ಒಬ್ಬೊಬ್ಬಳ ಸೀರೆ ಒಂದೊಂದು ಥರ. ಮನೆಯ ಹೆಣ್ಣುಮಕ್ಕಳು ನಿಂತು ನೋಡುವುದು ಇದನ್ನೇ.

ವಿಜಯಪುರ ನಮಗೆ ದೂರವಲ್ಲ, ಸಂಬಂಧವೂ ಹಳೆಯದು. ಅಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲಶಾಹನನ್ನು ಜನ ಜಗದ್ಗುರು ಬಾದಶಹ ಎಂದು ಕರೆದರು. ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ' ಎಂಬ ಹಾಡಿನ ಪುಸ್ತಕ ಬರೆದು, ಹಾಡುಗಳನ್ನು ರಾಗಗಳ ಹೆಸರಿನ ಕೆಳಗೆ ಜೋಡಿಸಿದವನು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಆನೆಯಷ್ಟೇ ಪ್ರೀತಿಯಿಂದ ಮೆರೆಸಿದವನು. ಫರ್ರುಖ್ ಬೇಗ್ ಎಂಬ ಪರ್ಶಿಯಾದ ಚಿತ್ರಗಾರ ಈ ಬಾದಶಹ ಕೂತು ತಂಬೂರ ನುಡಿಸುವ ಚಿತ್ರ ಬರೆದಿದ್ದಾನೆ. ಮೂಲ ಚಿತ್ರ ಈಗ ಪ್ರಾಗ್ ನಗರದ ಮ್ಯೂಸಿಯಂನಲ್ಲಿದೆ. 1604ರ ಸುಮಾರಿಗೆ ಅದೇ ಆಸ್ಥಾನದಲ್ಲಿ ಬರೆದ ಸರಸ್ವತಿಯ ಚಿತ್ರವೊಂದಿದೆ. ಬಿಳಿ ಉಡುಗೆಯ ದೇವಿ ಸಿಂಹಾಸನದಲ್ಲಿ ಕೂತಿದ್ದಾಳೆ. ಚಿತ್ರದ ಮೇಲಿನ ಬರಹದಲ್ಲಿ ಇಬ್ರಾಹಿಮನ ತಂದೆ ಗಣಪತಿ, ತಾಯಿ ಸರಸ್ವತಿ ಎಂದಿದೆ. ನಮ್ಮ ನೆಲದ ಸರಸ್ವತಿ ಬೇಕಾದವರಿಗೆ ಇದಕ್ಕಿಂತ ಒಳ್ಳೆಯದು ನಾನು ಕಾಣೆ. ಕಲೆಯ ಪುಸ್ತಕಗಳಲ್ಲಿ ಇವೆರಡೂ ಅಚ್ಚಾಗಿವೆ. ಒಂದು ಎಚ್ಚರಿಕೆ: ಇವು ಅಂಗೈ, ಗೇಣಳತೆಯ ಲೆಕ್ಕದಲ್ಲಿ ಬರೆದ ಸಣ್ಣ ಚಿತ್ರಗಳು. ಮೂರಡಿಗೆ ಹಿಗ್ಗಿಸಿದರೆ ಸೊಗಸು ಸೋರಿಹೋಗುತ್ತದೆ. ಮೂಲದ ಅಳತೆಗೆ ಹತ್ತಿರವಾಗಿ ಛಾಪಿಸಿ, ಸುತ್ತ ಅಗಲವಾದ ಬಿಳಿ ಮೌಂಟ್ ಬಿಟ್ಟು ಕಟ್ಟು ಹಾಕಿಸಬೇಕು. ಆಗ ಹತ್ತಿರ ಹೋಗಿ ನೋಡಬೇಕೆನಿಸುತ್ತದೆ.

ರಾಗಮಾಲಾ ಚಿತ್ರಗಳಿಗೂ ಇದೇ ಮಾತು. ತೋಡಿ ಅಂದರೆ ವೀಣೆ ಹಿಡಿದ ಹೆಣ್ಣು, ಸುತ್ತ ಜಿಂಕೆಗಳು. ಹಿಂದೋಲ ಅಂದರೆ ಉಯ್ಯಾಲೆ. ಭೈರವಿ ಅಂದರೆ ಶಿವಲಿಂಗದ ಮುಂದೆ ಪೂಜೆಗೆ ಕೂತವಳು. ಆಸಾವರಿಯ ಸುತ್ತ ಹಾವುಗಳಿರುತ್ತವೆ. ಅದನ್ನು ತಂದು ಹಾಕಿದರೆ ಮನೆಯ ಅಜ್ಜಿ ಆ ಖೋಲಿಗೆ ಕಾಲಿಡಲಿಕ್ಕಿಲ್ಲ, ವಿಚಾರ ಮಾಡಿ ತರಬೇಕು. ಈ ಚಿತ್ರಗಳ ಕಾಲದ ರಾಗದ ಸ್ವರ ಬೇರೆ, ಇವತ್ತು ಹಾಡುವ ಸ್ವರ ಬೇರೆ. ಚಿತ್ರ ನೋಡಿ ರಾಗ ಕಲಿಯಲಾಗುವುದಿಲ್ಲ, ಅದು ಭಾವಕ್ಕೆ ಮಾತ್ರ.

ಯಾವ ಅಂಗಡಿಯಲ್ಲೂ ಸಿಗದ ಚಿತ್ರವೊಂದು ನಿಮ್ಮ ಹೊಲದಲ್ಲೇ ಇದ್ದೀತು. ಮಿರಜದ ಸಿತಾರು, ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ತಂಬೂರಿಯ ಕೊಡ ಯಾವುದು? ಭೀಮಾ ದಂಡೆಯ ಪಂಢರಪುರ ಸೀಮೆಯ ರೈತರು ಬೆಳೆದ ದಪ್ಪ ತೊಗಟೆಯ ಸೋರೆಬುರುಡೆ. ಬಿಸಿಲಿಗೆ ಒಣಗಲು ಸಾಲಾಗಿ ಇಟ್ಟ ಬುರುಡೆಗಳ ಫೋಟೋವನ್ನು ಒಳ್ಳೆಯ ಕ್ಯಾಮೆರಾದಲ್ಲಿ ತೆಗೆಸಿ, ತಂಬೂರಿ ನಿಲ್ಲಿಸುವ ಮೂಲೆಯ ಎದುರು ಗೋಡೆಗೆ ಹಾಕಿ ನೋಡಿ. ರೈತರ ಮನೆಯ ಹಾಡಿನ ಖೋಲಿ ಅಂತ ಬೇರೆ ಹೇಳಬೇಕಾಗಿಲ್ಲ.

ಗಾಜು ಹಾಡಿದರೆ ಕಷ್ಟ

ಈಗ ಕಿವಿಯ ಮಾತು. ಅಕ್ಕಲಕೋಟ ಕಡೆಯ ಒಬ್ಬ ಅಡತಿ ವ್ಯಾಪಾರಿಯ ಹೊಸ ಮನೆಗೆ ಹೋಗಿದ್ದೆ. ಸಂಗೀತದ ಖೋಲಿಗೆ ನುಣ್ಣಗೆ ಗಿಲಾಯಿ ಮಾಡಿದ ಸಿಮೆಂಟ್ ಗೋಡೆ, ಶಹಾಬಾದ ಫರಸಿ, ಮೇಲೆ ಸ್ಲ್ಯಾಬು. ನಾಲ್ಕೂ ಗೋಡೆಗೆ ದೊಡ್ಡ ದೊಡ್ಡ ಗಾಜಿನ ಫೋಟೋ. ಎಲ್ಲ ಚೊಕ್ಕ. ಆದರೆ ಮಾಲಕರ ಮುಖದಲ್ಲಿ ಸಮಾಧಾನವಿಲ್ಲ. "ಮಗಳು ಛಲೋ ಹಾಡತಾಳ್ರೀ, ಈ ಖೋಲಿ ಹಾಡಗೊಡವಲ್ದು. ಪಡಸಾಲ್ಯಾಗ ಕುಂತ್ರ ದನಿ ಛಂದ ಕೇಳ್ತದ, ಇಲ್ಲಿ ಬಂದ್ರ ಹಾಂಡೆದೊಳಗ ಹಾಡಿದಂಗ ಆಗ್ತದ" ಎಂದರು. ಹುಡುಗಿ ತಂಬೂರಿ ಮಿಡಿದು ತೋರಿಸಿದಳು. ಜವಾರಿ ಸರಿಯಿಲ್ಲದ ಹಾಗೆ ಎಲ್ಲಿಂದಲೋ ಝರ್ ಎಂಬ ಸದ್ದು. "ಮಿರಜದವ್ರಿಗೆ ಎರಡು ಸಲ ತೋರಿಸಿದ್ವಿ ಕಾಕಾ, ತಂಬೂರಿ ಬರೋಬ್ಬರಿ ಅದ ಅಂದ್ರು" ಎಂದಳು.

ತಂಬೂರಿ ಬರೋಬ್ಬರಿಯೇ ಇತ್ತು. ಗೋಡೆಯ ಮೇಲಿನ ಒಂದು ಗಾಜು ಕಟ್ಟಿನಲ್ಲಿ ಸಡಿಲವಾಗಿತ್ತು. ಖರ್ಜದ ತಂತಿ ಮಿಡಿದಾಗ, ತಬಲಾದ ಡಗ್ಗಾ ಬಾರಿಸಿದಾಗ ಆ ಗಾಜು ತಾನೂ ನಡುಗಿ ಸದ್ದು ಮಾಡುತ್ತಿತ್ತು. ಇದನ್ನು ಹಿಡಿಯುವುದು ಸುಲಭ. ಒಬ್ಬರು ತಂಬೂರಿ ಮಿಡಿಯುತ್ತಿರಬೇಕು, ಇನ್ನೊಬ್ಬರು ಒಂದೊಂದೇ ಫೋಟೋದ ಗಾಜಿನ ಮೇಲೆ ಬೆರಳು ಒತ್ತುತ್ತ ಹೋಗಬೇಕು. ಯಾವುದನ್ನು ಮುಟ್ಟಿದಾಗ ಝರ್ ನಿಲ್ಲುತ್ತದೋ ಕಳ್ಳ ಅದೇ. ಕಟ್ಟು ಹಾಕುವವರಿಗೆ ಹೇಳಿ ಹಿಂದಿನ ಹಲಗೆಯ ಮೊಳೆ ಬಿಗಿ ಮಾಡಿಸಿ, ಗಾಜಿನ ಅಂಚಿಗೆ ಕಾಗದದ ಪಟ್ಟಿ ಅಂಟಿಸಿ, ಕೆಳಗಿನ ಎರಡು ಮೂಲೆಗೆ ರಬ್ಬರಿನ ಸಣ್ಣ ಬಿಲ್ಲೆ ಹಚ್ಚಿಸಿದರೆ ಮುಗಿಯಿತು. ಆ ಬಿಲ್ಲೆಯಿಂದ ಇನ್ನೊಂದು ಲಾಭವೂ ಇದೆ. ಫೋಟೋ ಗೋಡೆಗೆ ಅಂಟಿ ನಿಲ್ಲದೆ ಹಿಂದೆ ಗಾಳಿ ಆಡುತ್ತದೆ, ಮಳೆಗಾಲದಲ್ಲಿ ತೇವ ಹಿಡಿಯುವುದಿಲ್ಲ.

ಹಾಂಡೆಯ ದನಿಯ ಕಾರಣ ಬೇರೆ. ಎದುರುಬದುರು ಬರಿಗೋಡೆ, ಕೆಳಗೆ ಫರಸಿ, ಮೇಲೆ ಸ್ಲ್ಯಾಬು ಇದ್ದಾಗ ದನಿ ಹೀರಿಕೊಳ್ಳುವ ವಸ್ತು ಯಾವುದೂ ಇರುವುದಿಲ್ಲ. ಹೋದ ದನಿ ಬಡಿದು ಬಡಿದು ತಿರುಗಿ ಬರುತ್ತದೆ. ಗಾಜೂ ಗೋಡೆಯಷ್ಟೇ ಗಟ್ಟಿ, ಎಷ್ಟು ಫೋಟೋ ಹಾಕಿದರೂ ದನಿ ತಿರುಗಿ ಬರುವುದು ನಿಲ್ಲುವುದಿಲ್ಲ. ಖೋಲಿಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಹಿಂದೆಯೇ ಟರ್ ಎಂದು ಬಾಲ ಬಂದರೆ ಆ ಖೋಲಿಗೆ ಗಾಜಿಗಿಂತ ಬಟ್ಟೆ ಬೇಕು ಅಂತ ಅರ್ಥ.

ಬಟ್ಟೆಗೆ ನಮ್ಮಲ್ಲೇನು ಕೊರತೆ? ಸೊಲ್ಲಾಪುರದ ಚಾದರ ಇದೆ, ಮನೆಯಲ್ಲೇ ಹೊಲಿದ ಕೌದಿ ಇದೆ, ಕುರುಬರ ಕರಿ ಕಂಬಳಿ ಇದೆ. ಅವುಗಳಲ್ಲಿ ಕಂಬಳಿ ಎಲ್ಲಕ್ಕಿಂತ ಮೇಲು, ದಪ್ಪ ಉಣ್ಣೆ ದನಿಯನ್ನು ಚೆನ್ನಾಗಿ ನುಂಗುತ್ತದೆ. ಕಟ್ಟಿಗೆಯ ಚೌಕಟ್ಟು ಮಾಡಿಸಿ ಅದಕ್ಕೆ ಕಂಬಳಿಯನ್ನೋ ಕೌದಿಯನ್ನೋ ಬಿಗಿದು, ಗಾಜು ಹಾಕದೆ, ಗೋಡೆಯಿಂದ ಎರಡು ಇಂಚು ಬಿಟ್ಟು ತೂಗಿಹಾಕಬೇಕು. ಆ ಎರಡು ಇಂಚಿನ ಗಾಳಿಯಿಂದಲೇ ಕೆಲಸ ಹೆಚ್ಚಾಗುತ್ತದೆ. ಗೋಡೆಗೆ ಅಂಟಿಸಿ ಬಡಿದರೆ ಅಷ್ಟು ಫಲವಿಲ್ಲ. ಹಾಡುವವರು ಮುಖ ಮಾಡಿ ಕೂರುವ ಗೋಡೆಗೆ ಒಂದು, ಪಕ್ಕದ ಗೋಡೆಗೆ ಒಂದು ಇದ್ದರೆ ಸಾಕು. ಇನ್ನುಳಿದ ಎರಡು ಗೋಡೆ ಫೋಟೋಗಳಿಗಿರಲಿ. ಪೂರ್ತಿ ಖೋಲಿಗೆ ಬಟ್ಟೆ ಹೊದಿಸಿದರೆ ದನಿ ಸತ್ತೇ ಹೋಗುತ್ತದೆ, ತಂಬೂರಿಯ ಗುಂಗು ಉಳಿಯುವುದಿಲ್ಲ. ಡಗ್ಗಾದ ದಪ್ಪ ದನಿ ಮಾತ್ರ ಇಷ್ಟಕ್ಕೆ ಪೂರಾ ಬಗ್ಗುವುದಿಲ್ಲ, ಅದಕ್ಕೆ ಮೂಲೆಯಲ್ಲಿ ಹಾಸಿಗೆ ಸುರುಳಿಯಂಥ ದಪ್ಪ ಸಾಮಾನು ಬೇಕಾಗುತ್ತದೆ. ಅಜ್ಜಿಯ ಕೈಯ ಹಳೆಯ ಕೌದಿಯನ್ನು ಚೌಕಟ್ಟಿಗೆ ಹಾಕಿದ್ದನ್ನು ನೋಡಿದರೆ, ಪೇಟೆಯ ಯಾವ ಕ್ಯಾನ್ವಾಸಿಗೂ ಆ ಬಣ್ಣ ಬರುವುದಿಲ್ಲ ಅನ್ನಿಸುತ್ತದೆ. ವರ್ಷಕ್ಕೆ ಒಮ್ಮೆ ಬಿಸಿಲಿಗೆ ಹಾಕಿ ಝಾಡಿಸಬೇಕು, ಇಲ್ಲದಿದ್ದರೆ ಉಣ್ಣೆಗೆ ಹುಳ ಬೀಳುತ್ತದೆ.

ಕೂತವರ ಕಣ್ಣಿನೆತ್ತರ

ಫೋಟೋ ಎಷ್ಟು ಮೇಲೆ ಹಾಕಬೇಕು? ಗೌಂಡಿಯೋ ಬಡಿಗನೋ ರೂಢಿಯಂತೆ ಬಾಗಿಲಿನ ಮೇಲ್ಪಟ್ಟಿಯ ಮಟ್ಟಕ್ಕೆ ಮೊಳೆ ಬಡಿದು ಹೋಗುತ್ತಾನೆ. ಅದು ಓಡಾಡುವ ಪಡಸಾಲೆಗೆ ಸರಿ. ಹಾಡಿನ ಖೋಲಿಯಲ್ಲಿ ಎಲ್ಲರೂ ನೆಲದ ಮೇಲೆ ಕೂರುವವರು, ಕೂತವರ ಕಣ್ಣು ನೆಲದಿಂದ ಎರಡೂವರೆ ಅಡಿಯ ಸುಮಾರಿಗೆ ಇರುತ್ತದೆ. ಚಿತ್ರದ ನಡುಭಾಗ ಮೂರೂವರೆಯಿಂದ ನಾಲ್ಕು ಅಡಿಗೆ ಬಂದರೆ ಕತ್ತು ಎತ್ತಬೇಕಾಗಿಲ್ಲ. ನೋಡಲು ಬಂದವರು "ಇಷ್ಟ್ ಕೆಳಗ ಯಾಕ್ರೀ?" ಅಂದೇ ಅನ್ನುತ್ತಾರೆ. ಕೂತ ಮೇಲೆ ಸುಮ್ಮನಾಗುತ್ತಾರೆ. ತಂಬೂರಿ ಒರಗಿಸಿಡುವ ಮೂಲೆಯ ಮೇಲೆ ಮಾತ್ರ ಏನನ್ನೂ ತೂಗಬೇಡಿ. ಒಂದು ಮೊಳೆ ಸಡಿಲಾದರೆ ಬುರುಡೆ ಒಡೆದಂತೆಯೇ, ಅದನ್ನು ಕೂಡಿಸುವುದು ಸಣ್ಣ ಖರ್ಚಲ್ಲ.

ಬಿಸಿಲು ನೇರ ಬೀಳುವ ಗೋಡೆ ಬೇಡ, ಬಣ್ಣ ಹಾರುತ್ತದೆ. ಬಚ್ಚಲಿಗೆ ಹೊಂದಿದ ಗೋಡೆಯೂ ಬೇಡ. ಊದುಬತ್ತಿ, ದೀಪದ ಹೊಗೆ ನೇರ ತಾಗದ ಹಾಗೆ ಒಂದು ಮೊಳ ದೂರವಿರಲಿ. ಒರಲಿ ಕಾಟವಿರುವ ಊರಲ್ಲಿ ಹಿಂದಿನ ಹಲಗೆಯನ್ನು ಆರು ತಿಂಗಳಿಗೊಮ್ಮೆ ತೆಗೆದು ನೋಡುವುದು ಒಳ್ಳೆಯದು.

ಮನೆಯವರದೇ ಹಳೆಯ ಫೋಟೋ ಇದ್ದರೆ ಅದಕ್ಕೆ ಮೊದಲ ಜಾಗ ಕೊಡಿ ಅನ್ನುತ್ತೇನೆ. ಆ ಅಡತಿ ವ್ಯಾಪಾರಿಯ ಕಪಾಟಿನಲ್ಲಿ ಒಂದು ಸಿಕ್ಕಿತು. ಜಾತ್ರೆಯಲ್ಲಿ ತೆಗೆಸಿದ ಭಜನಿ ಮೇಳದ ಫೋಟೋ. ಏಳು ಜನ, ನಡುವೆ ಪೇಟಿ ಹಿಡಿದ ಅವರ ಅಜ್ಜ. ಅದನ್ನೇ ಗೋಡೆಗೆ ಹಾಕುವವರಿದ್ದರು. ಮೂಲ ಪ್ರತಿಯನ್ನು ಬೆಳಕಿಗೆ ಹಾಕಿದರೆ ಇನ್ನಷ್ಟು ಮಾಸುತ್ತದೆ. ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ಹೊಸ ಪ್ರತಿ ತೆಗೆದು ಅದಕ್ಕೆ ಕಟ್ಟು ಹಾಕಿಸಿ, ಮೂಲವನ್ನು ಕಾಗದದಲ್ಲಿ ಸುತ್ತಿ ಒಣ ಪೆಟ್ಟಿಗೆಯಲ್ಲಿ ಇಡಬೇಕು. ಹಳೆಯ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗದೆ ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಬಹುದು. ಹಿಂದೆ ಹೆಸರು ಬರೆಯುವುದಿದ್ದರೆ ಪೆನ್ಸಿಲಿನಿಂದ. ಶಾಯಿ ಕಾಗದ ದಾಟಿ ಮುಂದೆ ಮೂಡುತ್ತದೆ.

ಏಳು ಜನರಲ್ಲಿ ಮನೆಯವರಿಗೆ ಗೊತ್ತಿದ್ದ ಹೆಸರು ಮೂರು. ಓಣಿಯ ಹಿರಿಯ ಅಮ್ಮನೊಬ್ಬರು ಫೋಟೋ ಹತ್ತಿರ ಹಿಡಿದು ನೋಡಿ ಇನ್ನಿಬ್ಬರನ್ನು ಗುರುತಿಸಿದರು. "ಇಂವ ತಾಳದ ಮಲ್ಲಪ್ಪ ಅಲ್ಲೇನ? ಏನ್ ದನಿ ಇತ್ತ ತಮ್ಮಾ ಅವಂದು!" ಐದು ಹೆಸರನ್ನು ಪಟ್ಟಿಯಲ್ಲಿ ಎರಡೂ ಲಿಪಿಯಲ್ಲಿ ಬರೆಸಿದ್ದಾರೆ. ಉಳಿದ ಇಬ್ಬರ ಜಾಗ ಖಾಲಿ ಬಿಟ್ಟು, ಪಟ್ಟಿಯನ್ನು ಗಾಜಿನ ಹೊರಗೇ ಹಚ್ಚಿಸಿದ್ದಾರೆ. ಜಾತ್ರೆಗೆ ಪರಊರಿನ ಹಿರಿಯರು ಬಂದಾಗ ಕೇಳುವುದಿದೆಯಂತೆ.